ಎಣ್ಣೆ ತಿಕ್ಕುವುದನ್ನು ಬಿಟ್ಟೆವು

ವಿಜಯಪುರದ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಲಕ್ವಾ ಹೊಡೆದು ಹಾಸಿಗೆ ಹಿಡಿದವರ ಟೊಂಕದ ಕೆಳಗೆ ಚರ್ಮ ಕೆಂಪಾದರೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಒಬ್ಬ ಮುತ್ಯಾನಿಗೆ ನಾನೇ ಎರಡು ಹೊತ್ತೂ ತಿಕ್ಕಿದೆ. ವಾರ ತುಂಬುವುದರೊಳಗೆ ಅಲ್ಲಿ ಚರ್ಮ ಕಿತ್ತು ಹುಣ್ಣಾಯಿತು. ಡ್ರೆಸ್ಸಿಂಗ್ ಮಾಡುವಾಗ ಹಲ್ಲು ಕಚ್ಚಿಕೊಂಡು, "ಇರ್ಲಿ ಬಿಡವ್ವಾ, ನೀ ಏನ್ ಮಾಡ್ತಿ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಾರಕ್ಕೊಮ್ಮೆ ಬರುವ ಡಾಕ್ಟರರನ್ನು ಕೇಳಿದೆ. ಅವರು ಇಂಗ್ಲೆಂಡಿನಲ್ಲಿ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2014ರಲ್ಲಿ ಹೊರತಂದ, ಹಾಸಿಗೆ ಹುಣ್ಣಿನ ಮಾರ್ಗಸೂಚಿಯನ್ನು ನನ್ನೊಂದಿಗೆ ಕೂತು ಓದಿದರು. ಹುಣ್ಣು ತಡೆಯಲೆಂದು ಚರ್ಮ ತಿಕ್ಕಬೇಡಿ ಎಂದು ಅದರಲ್ಲಿ ನೇರವಾಗಿಯೇ ಇದೆ. ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕಿ ರಕ್ತ ಹರಿಯದೆ ಸೊರಗಿದ ಜಾಗವನ್ನು ತಿಕ್ಕಿದರೆ ಇನ್ನಷ್ಟು ಹಾಳಾಗುತ್ತದೆ. ಹುಣ್ಣಾಗುವ ಭಯ ಇರುವವರ ಮಗ್ಗುಲನ್ನು ಕನಿಷ್ಠ 6 ಗಂಟೆಗೊಮ್ಮೆ, ಭಯ ಹೆಚ್ಚಿದ್ದರೆ 4 ಗಂಟೆಗೊಮ್ಮೆ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು.

ಕೆಂಪಾದಲ್ಲಿ ಬೆರಳಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಚಿಕೊಂಡರೆ ರಕ್ತ ಹರಿಯುತ್ತಿದೆ ಎಂದರ್ಥ, ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗಿದೆ. ನಮ್ಮ ಮುತ್ಯಾಗಳ ಕಪ್ಪು ಮೈಮೇಲೆ ಎಷ್ಟೋ ಸಲ ಕೆಂಪೇ ಕಾಣುವುದಿಲ್ಲ. ಅದಕ್ಕೆ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಆ ಹಾಳೆಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಮಗ್ಗುಲಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಓದು ಬರಹ ಬಾರದ ಆಯಾಗಳಿಗಾಗಿ ಕಿಟಕಿ, ಬಾಗಿಲು ಚಿತ್ರ ಬರೆದೆ. ಮುಖ ಯಾವ ಕಡೆಗೆ ತಿರುಗಿಸಿದಿರೋ ಅದರ ಮೇಲೆ ಗೀಟು ಎಳೆದರೆ ಸಾಕು. ಮೊದಲ ವಾರ ರಾತ್ರಿಯ ಗೀಟುಗಳೆಲ್ಲ ಬೆಳಿಗ್ಗೆ ಒಂದೇ ಸಲ ಬಿದ್ದಿದ್ದವು. ಬೈಯಲಿಲ್ಲ, ಕೇಳಿದೆ. "ಅಕ್ಕಾರ, ಅಷ್ಟ್ ಭಾರ ಮುತ್ಯಾನ್ನ ನಾ ಒಬ್ಬಾಕಿ ಹೆಂಗ್ ಹೊಳ್ಳಸ್ಲಿ?" ನಿಜವೇ. ಒಬ್ಬಳೇ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಕೀಳುತ್ತದೆ. ಆಡಳಿತದವರ ಹತ್ತಿರ ಜಗಳವಾಡಿಯೇ ರಾತ್ರಿ ಪಾಳಿಗೆ ಎರಡನೆಯವಳನ್ನು ಹಾಕಿಸಿದೆ. ಮೆತ್ತನೆಯ ಹಳೆ ಧೋತರವನ್ನು ಮಡಿಚಿ ಟೊಂಕದ ಕೆಳಗೆ ಹಾಸಿ, ಇಬ್ಬರೂ ಎರಡು ಕಡೆ ಹಿಡಿದು ಎತ್ತಿ ಸರಿಸುವುದು ರೂಢಿಯಾಯಿತು. ಮೈ ಕೆಳಗೆ ಕೌದಿ ಹಾಸುವುದನ್ನೂ ನಿಲ್ಲಿಸಿದೆವು, ಅದರ ತ್ಯಾಪೆ, ದಪ್ಪ ಹೊಲಿಗೆಗಳು ಒತ್ತುತ್ತವೆ. ಹೊದಿಯಲು ಅಡ್ಡಿಯಿಲ್ಲ.

ಹುಟ್ಟುಹಬ್ಬಕ್ಕೆ ಹಣ್ಣು, ಸಿಹಿ ತರುವ ದಾನಿಗಳಿಗೆ ಒಳ್ಳೆಯ ಫೋಮ್ ಹಾಸಿಗೆ ಕೊಡಿಸಿ ಎಂದು ಕೈಮುಗಿದು ಕೇಳುತ್ತೇನೆ.

ಮನೆಯವರನ್ನು ಒಪ್ಪಿಸುವುದೇ ಕಷ್ಟ. ಒಬ್ಬ ಮಗಳು ಕಣ್ಣೀರು ಹಾಕಿದಳು: "ನಮ್ಮಪ್ಪಗ ಎಣ್ಣಿ ಹಚ್ಚೂದೂ ಬಿಟ್ರೇನ್ರಿ?" ಬಾಟಲಿಯನ್ನು ಅವಳ ಕೈಗೇ ಕೊಟ್ಟು, "ಕೈ ಕಾಲಿಗೆ ಹಗೂರ್ಕ ಹಚ್ರಿ, ಟೊಂಕದಾಗ, ಹಿಮ್ಮಡದಾಗ ಮಾತ್ರ ತಿಕ್ಕಬ್ಯಾಡ್ರಿ" ಅಂದೆ. ಅರ್ಧ ತಾಸು ಅಪ್ಪನ ಅಂಗಾಲು ಸವರುತ್ತ ಕೂತಿದ್ದಳು.

ಮುತ್ಯಾನ ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಈಗ ಹೊಸ ಆಯಾ ಬಂದರೆ ಮೊದಲು ಅವರ ಹತ್ತಿರವೇ ಕರೆದೊಯ್ಯುತ್ತೇನೆ. ಅವಳ ಅಂಗೈಯನ್ನು ಅವರ ಹಿಮ್ಮಡದ ಮೇಲಿಟ್ಟು ಕೇಳುತ್ತೇನೆ: "ಬಿಸಿ ಹತ್ತತೈತೇನು?"