ಮೂರು ಹಳೆಯ ಕಂಪ್ಯೂಟರು, ಮೂರು ಬೇರೆ ತೀರ್ಮಾನ

2015ರ ಜುಲೈನಲ್ಲಿ ಬಂದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ತಾರೀಕು ಹತ್ತಿರವಾದಂತೆ ಮನೆಯ ಸಿಸ್ಟಂಗಳ ಪಂಚಾಯಿತಿಯನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಒಂದು ನನ್ನದೇ ಲ್ಯಾಪ್‌ಟಾಪ್: ಇಂಟೆಲ್ ಐ5-6200ಯು, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ಇನ್ನೊಂದು ಅಕ್ಕನ ಡೆಸ್ಕ್‌ಟಾಪ್, ಅದರಲ್ಲಿ ಐ3-8100. ಮೂರನೆಯದು ಒಂದು ಸ್ಕ್ಯಾನರ್‌ನ ಸಲುವಾಗಿಯೇ ಮೂಲೆಯಲ್ಲಿ ಉಳಿದುಕೊಂಡಿರುವ, ವಿಂಡೋಸ್ 7ರ ಮುದಿ ಯಂತ್ರ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಗೆ ಮೂರು ಕಡೆ ಮೂರು ಉತ್ತರ ಬಂತು. ಯಂತ್ರದ ವಯಸ್ಸಿಗಿಂತ ಅದು ಮಾಡುವ ಕೆಲಸ ಯಾವುದು, ಅದಕ್ಕೆ ಏನೇನು ತಗುಲಿಕೊಂಡಿದೆ ಅನ್ನುವುದೇ ನನಗೆ ಮುಖ್ಯವಾಗಿ ಕಂಡಿತು.

ಅದಕ್ಕೂ ಮೊದಲು ಬಿಡಿಸಬೇಕಾದ ಗಂಟು ಬೇರೆಯೇ ಇತ್ತು. 'ಸಿಸ್ಟಂ ಸ್ಲೋ ಆಗಿದೆ, ಹೊಸ ವಿಂಡೋಸ್ ಹಾಕಿಬಿಡು' ಎಂದು ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಿಧಾನವಾಗಿರುವುದು ಒಂದು ದೂರು, ಬೆಂಬಲ ಮುಗಿದಿರುವುದು ಇನ್ನೊಂದು. ಎರಡಕ್ಕೂ ಔಷಧ ಬೇರೆ. ನನ್ನ ಲ್ಯಾಪ್‌ಟಾಪಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಆರಾಮವಾಗಿ ಕೂತಿತ್ತು, ಡಿಸ್ಕ್ ಮಾತ್ರ ಯಾವಾಗ ನೋಡಿದರೂ 100 ಪ್ರತಿಶತ. ತಿರುಗುವ ಡಿಸ್ಕ್ ಚೂರುಚೂರು ಫೈಲುಗಳನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸು ಕೋರಿಕೆಗಳನ್ನಷ್ಟೇ ಪೂರೈಸಬಲ್ಲದು. ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ಫೈಲು ಇಡುವ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಗಟ್ಟಲೆ ಲೆಕ್ಕದಲ್ಲಿ ಮಾಡುತ್ತದೆ. ಹಿನ್ನೆಲೆಯಲ್ಲಿ ಅಪ್‌ಡೇಟ್, ಆಂಟಿವೈರಸ್, ಹುಡುಕಾಟದ ಇಂಡೆಕ್ಸು ಎಲ್ಲವೂ ಒಟ್ಟಿಗೆ ಡಿಸ್ಕಿಗೆ ಮುಗಿಬೀಳುವ ಕಾಲದಲ್ಲಿ ಈ ವ್ಯತ್ಯಾಸವೇ ಎಲ್ಲ. ಹೊಸ ವಿಂಡೋಸ್ ಹಾಕಿದ್ದರೆ ಅದೇ ಡಿಸ್ಕಿನ ಮೇಲೆ ಇನ್ನಷ್ಟು ಹೊರೆ ಬೀಳುತ್ತಿತ್ತು, ಅಷ್ಟೆ.

ಡಿಸ್ಕಿನ ಆರೋಗ್ಯವನ್ನೂ ಆಗಲೇ ನೋಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ವಿವರಗಳನ್ನು ತೋರಿಸುತ್ತದೆ. ಅದರಲ್ಲಿ ನಾನು ನೋಡುವುದು ಎರಡೇ ಸಾಲು: ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು) ಎಷ್ಟು, ಇನ್ನೂ ತೀರ್ಮಾನವಾಗದೆ ಕಾಯುತ್ತಿರುವ ಸೆಕ್ಟರುಗಳೆಷ್ಟು. ಎರಡನೆಯದು ಸೊನ್ನೆಯಲ್ಲದಿದ್ದರೆ ಆ ಡಿಸ್ಕಿನ ಮೇಲೆ ಯಾವ ಅಪ್‌ಗ್ರೇಡನ್ನೂ ನಡೆಸುವುದಿಲ್ಲ. ಅಪ್‌ಗ್ರೇಡ್ ಅಂದರೆ ಹತ್ತಾರು ಜಿಬಿ ಬರೆದು, ಅಳಿಸಿ, ಮತ್ತೆ ಬರೆಯುವುದು. ಕೊನೆಯುಸಿರಿನಲ್ಲಿರುವ ಡಿಸ್ಕ್ ಸಾಯಲು ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ನನ್ನದರಲ್ಲಿ ಸೊನ್ನೆ ಇತ್ತು. ಹಾಗಿದ್ದೂ ಹಳೆಯ ವಿಂಡೋಸ್ 10ನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆ, ಖಾಲಿ ಇದ್ದ ಸ್ಲಾಟಿಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿದೆ. (ಸ್ಲಾಟು ಖಾಲಿ ಇದೆಯೋ ಇಲ್ಲವೋ ತಿಳಿಯಲು ಸ್ಕ್ರೂಡ್ರೈವರ್ ಬೇಡ, ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟವೇ ಹೇಳುತ್ತದೆ.) ಲ್ಯಾಪ್‌ಟಾಪ್ ಹ್ಯಾಂಗ್ ಆಗುವುದು ನಿಂತಿತು. ಇನ್ನು ಉಳಿದದ್ದು ಸುರಕ್ಷತೆಯ ಪ್ರಶ್ನೆ ಒಂದೇ.

ಅಷ್ಟರಲ್ಲಿ ಅಕ್ಕ ಕೇಳಿದಳು: "ಚೆನ್ನಾಗೇ ಓಡ್ತಿದೆಯಲ್ಲೋ, ಸುಮ್ನೆ ಯಾಕೆ ಮುಟ್ಟಬೇಕು?"

ಒಳ್ಳೆಯ ಪ್ರಶ್ನೆ. ಬೆಂಬಲ ಮುಗಿದ ಮಾರನೆಯ ದಿನ ಏನೂ ಆಗುವುದಿಲ್ಲ, ಅದೇ ತೊಂದರೆ. ಹೊಸದಾಗಿ ಪತ್ತೆಯಾಗುವ ರಂಧ್ರಗಳಿಗೆ ತೇಪೆ ಬರುವುದು ನಿಲ್ಲುತ್ತದೆ. ವಿಂಡೋಸ್ 10 ಮತ್ತು 11 ಒಂದೇ ಬೇರಿನವು, ಹಾಗಾಗಿ 11ಕ್ಕೆ ಪ್ರತಿ ತಿಂಗಳು ಬರುವ ತೇಪೆಯನ್ನು ನೋಡಿದರೆ 10ರಲ್ಲಿ ಎಲ್ಲಿ ತೂತಿದೆ ಎಂಬ ಸುಳಿವು ದುರುದ್ದೇಶದವರಿಗೆ ಪುಕ್ಕಟೆ ಸಿಗುತ್ತದೆ. ಡಿಫೆಂಡರ್ ಆಂಟಿವೈರಸ್‌ನ ವೈರಸ್ ಪಟ್ಟಿ 2028ರವರೆಗೂ ಬರುತ್ತದೆ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಮಾತು ನಿಜ, ಆದರೆ ಕಳ್ಳರ ಪಟ್ಟಿ ಕೈಯಲ್ಲಿದ್ದ ಮಾತ್ರಕ್ಕೆ ಮುರಿದ ಚಿಲಕ ಸರಿಹೋಗುವುದಿಲ್ಲ. ದಿನನಿತ್ಯದ ಲೆಕ್ಕದಲ್ಲಿ ನೋಡಿದರೆ, ಒಂದು ಆಪರೇಟಿಂಗ್ ಸಿಸ್ಟಂ ನಿಜಕ್ಕೂ ಸಾಯುವುದು ಬ್ರೌಸರುಗಳು ಅದನ್ನು ಕೈಬಿಟ್ಟಾಗ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ನಿಂತರೂ ಅದರ ಮೇಲೆ ಕ್ರೋಮ್ 2023ರ ಆರಂಭದವರೆಗೆ ಬಂತು, 109ನೆಯ ಆವೃತ್ತಿಯೇ ಕಡೆಯದು. ಬ್ಯಾಂಕಿನ ಪುಟ ತೆರೆಯುವ ಯಂತ್ರವನ್ನು ಆ ಗಡಿಯವರೆಗೆ ಎಳೆದುಕೊಂಡು ಹೋಗುವುದಕ್ಕೆ ನನಗೆ ಮನಸ್ಸಿಲ್ಲ. ಅಕ್ಕ ಹಣದ ವ್ಯವಹಾರವನ್ನೆಲ್ಲ ಆ ಡೆಸ್ಕ್‌ಟಾಪಿನಲ್ಲೇ ಮಾಡುವವಳು.

ಅವಳ ಡೆಸ್ಕ್‌ಟಾಪಿನಲ್ಲಿ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿದಾಗ 'ಈ ಯಂತ್ರಕ್ಕೆ ವಿಂಡೋಸ್ 11 ಆಗದು' ಎಂಬ ಉತ್ತರ ಬಂತು. ಬಹಳ ಜನ ಅಲ್ಲಿಗೇ ಕೈಬಿಟ್ಟು ಹೊಸದನ್ನು ಕೊಳ್ಳಲು ಹೊರಡುತ್ತಾರೆ. ಆದರೆ ಎಂಟನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿದೆ. ಹಾಗಾದರೆ ಅಡ್ಡಿ ಬೇರೆ ಎಲ್ಲೋ ಇರಬೇಕು. ಗುಪ್ತ ಕೀಲಿಗಳನ್ನು ಭದ್ರವಾಗಿಡುವ ಟಿಪಿಎಂ 2.0 ಇಲ್ಲ, ನಂಬಿಕಸ್ತ ತಂತ್ರಾಂಶದಿಂದಷ್ಟೇ ಯಂತ್ರ ಶುರುವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ಇಲ್ಲ ಎನ್ನುತ್ತಿತ್ತು. ಟಿಪಿಎಂ ಅಂದರೆ ಪ್ರತ್ಯೇಕ ಚಿಪ್ಪೇ ಆಗಬೇಕಿಲ್ಲ. ಈ ತಲೆಮಾರಿನ ಯಂತ್ರಗಳಲ್ಲಿ ಅದು ಯಂತ್ರದ ಮೂಲ ತಂತ್ರಾಂಶವಾದ ಫರ್ಮ್‌ವೇರಿನೊಳಗೇ ಇರುತ್ತದೆ. ಇಂಟೆಲ್ ಅದನ್ನು ಪಿಟಿಟಿ ಎಂದು ಕರೆಯುತ್ತದೆ, ಎಎಂಡಿ ಎಫ್‌ಟಿಪಿಎಂ ಎನ್ನುತ್ತದೆ. ಯಂತ್ರ ಶುರುವಾಗುವಾಗ ತೆರೆಯಬಹುದಾದ ಬಯೋಸ್ ಸೆಟ್ಟಿಂಗ್ಸಿನೊಳಗೆ ಹೋಗಿ ನೋಡಿದರೆ ಪಿಟಿಟಿ ಆಫ್ ಆಗಿತ್ತು, ಆನ್ ಮಾಡಿದೆ.

ಸೆಕ್ಯೂರ್ ಬೂಟ್ ಇಷ್ಟು ಸುಲಭವಾಗಿರಲಿಲ್ಲ. ಯಾರೋ ಆ ಯಂತ್ರಕ್ಕೆ ಹಳೆಯ ಲೆಗಸಿ ರೀತಿಯಲ್ಲಿ ವಿಂಡೋಸ್ ಹಾಕಿದ್ದರು, ಡಿಸ್ಕು ಎಂಬಿಆರ್ ಎಂಬ ಹಳೆಯ ವಿಭಾಗ ಪದ್ಧತಿಯಲ್ಲಿತ್ತು. ಸೆಕ್ಯೂರ್ ಬೂಟ್‌ಗೆ ಯುಇಎಫ್‌ಐ ಎಂಬ ಹೊಸ ಬೂಟ್ ರೀತಿ ಬೇಕು, ಅದಕ್ಕೆ ಜಿಪಿಟಿ ಎಂಬ ಹೊಸ ವಿಭಾಗ ಪದ್ಧತಿ ಬೇಕು. ಇದಕ್ಕೆ ಫಾರ್ಮ್ಯಾಟ್ ಮಾಡಲೇಬೇಕು ಎಂದು ಹೇಳುವವರಿದ್ದಾರೆ, ಅದೇನೂ ಬೇಕಿಲ್ಲ. ವಿಂಡೋಸ್ 10ರ 1703ನೆಯ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಒಳಗೇ ಇದೆ. ಮೊದಲು ವ್ಯಾಲಿಡೇಟ್ ಎಂದು ಕೊಟ್ಟರೆ ಡಿಸ್ಕು ಬದಲಾವಣೆಗೆ ಒಪ್ಪುತ್ತದೋ ಇಲ್ಲವೋ ಹೇಳುತ್ತದೆ, ಒಪ್ಪಿದರೆ ಕನ್ವರ್ಟ್ ಕೊಡಬಹುದು. ಪ್ರೈಮರಿ ವಿಭಾಗಗಳು ಮೂರಕ್ಕಿಂತ ಹೆಚ್ಚಿದ್ದರೆ ಒಪ್ಪುವುದಿಲ್ಲ. ಅನುಕ್ರಮ ತಪ್ಪಬಾರದು: ಮೊದಲು ಡಿಸ್ಕನ್ನು ಜಿಪಿಟಿ ಮಾಡಿ, ಆಮೇಲೆ ಬಯೋಸ್‌ನಲ್ಲಿ ಲೆಗಸಿ ತೆಗೆದು ಯುಇಎಫ್‌ಐಗೆ ಬದಲಿಸಬೇಕು. ತಿರುಗುಮುರುಗಾದರೆ ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಸಾಲು ಪರದೆಯ ಮೇಲೆ ಬಂದು ಮನೆಯವರ ಎದೆ ಒಡೆಯುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಇದೆಲ್ಲಕ್ಕೂ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅದೇ ಕಂಪ್ಯೂಟರಿನೊಳಗೆ ಉಳಿಸಿಟ್ಟ ಕೀಯಿಂದ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಹೆಲ್ತ್ ಚೆಕ್ ತಲೆಯಾಡಿಸಿತು. ಇಡೀ ಡಿಸ್ಕಿನ ಇಮೇಜನ್ನು, ಅಂದರೆ ಪೂರ್ತಿ ನಕಲನ್ನು, ಹೊರಗಿನ ಡ್ರೈವಿಗೆ ತೆಗೆದುಕೊಂಡೆ, ಆ ಇಮೇಜನ್ನು ತೆರೆದು ಒಂದೆರಡು ಫೋಟೋ ಹೊರಗೆಳೆದು ನೋಡಿದೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಪ್‌ಗ್ರೇಡ್ ತಾನಾಗಿ ನಡೆಯಿತು, ತಂತ್ರಾಂಶಗಳು, ಫೈಲುಗಳು ಇದ್ದಲ್ಲೇ ಉಳಿದವು, ಲೈಸೆನ್ಸಿಗೆ ಬೇರೆ ಏನೂ ಕೇಳಲಿಲ್ಲ. ಹಳೆಯ ವಿಂಡೋಸಿಗೆ ಮರಳಲು 10 ದಿನಗಳ ಅವಕಾಶವಿರುತ್ತದೆ. ಅಷ್ಟರೊಳಗೆ ಪ್ರಿಂಟರ್, ವೆಬ್‌ಕ್ಯಾಮ್, ಆಫೀಸ್ ಎಲ್ಲವನ್ನೂ ಒಮ್ಮೆ ಬಳಸಿ ನೋಡು ಎಂದು ಅಕ್ಕನಿಗೆ ಹೇಳಿದ್ದೆ. ಅವಳ ದೂರು ಒಂದೇ, ಸ್ಟಾರ್ಟ್ ಬಟನ್ ನಡುವಿಗೆ ಬಂದಿದೆ ಎಂದು. ಅದನ್ನು ಎಡಕ್ಕೆ ಸರಿಸಿಕೊಟ್ಟೆ.

ನನ್ನ ಲ್ಯಾಪ್‌ಟಾಪಿನ ಕಥೆ ಇದರ ತದ್ವಿರುದ್ಧ. ಅಲ್ಲಿ ಟಿಪಿಎಂ 2.0 ಇದೆ, ಸೆಕ್ಯೂರ್ ಬೂಟ್ ಇದೆ, ಈಗ ಎಸ್‌ಎಸ್‌ಡಿಯೂ ಇದೆ. ಆದರೆ ಪ್ರೊಸೆಸರ್ ಆರನೆಯ ತಲೆಮಾರಿನದು, ಪಟ್ಟಿಯಲ್ಲಿಲ್ಲ. ಇದನ್ನು ಬರೀ ಹಟ ಎನ್ನಲಾಗದು, ಸ್ವಲ್ಪ ಕಾರಣವೂ ಇದೆ. ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಗೆ ಪ್ರೊಸೆಸರಿನೊಳಗೇ ಎಂಬೆಕ್ ಎಂಬ ಸೌಲಭ್ಯ ಇದ್ದರೆ ಅನುಕೂಲ. ಇಂಟೆಲ್‌ನಲ್ಲಿ ಅದು ಏಳನೆಯ ತಲೆಮಾರಿನಿಂದ ಬಂತು. ಅದಿಲ್ಲದ ಕಡೆ ತಂತ್ರಾಂಶದಿಂದ ಅನುಕರಿಸಬೇಕಾಗುತ್ತದೆ, ವೇಗ ಕುಸಿಯುತ್ತದೆ. ಏಳನೆಯದನ್ನೂ ಬಹುಪಾಲು ಹೊರಗಿಟ್ಟದ್ದು ಏಕೆ ಎಂಬುದಕ್ಕೆ ಈ ಕಾರಣ ಸಾಲದು, ಅದು ಬೇರೆ ಮಾತು.

ಪರೀಕ್ಷೆಯನ್ನು ತಪ್ಪಿಸಿ ಒಳಗೆ ನುಗ್ಗಿಸುವ ದಾರಿಗಳಿವೆ. ರೂಫಸ್ ಎಂಬ ತಂತ್ರಾಂಶದಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವಾಗಲೇ ಅದಕ್ಕೊಂದು ಗುರುತು ಹಾಕಿದರೆ ಸಾಕು. ಹಾಗೆ ಮಾಡಿಕೊಂಡು ನೆಮ್ಮದಿಯಾಗಿರುವವರು ಬೇಕಾದಷ್ಟಿದ್ದಾರೆ. ನಾನು ಮಾಡಲಿಲ್ಲ. ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲವೆಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲ ನಾನೇ ಕೂತು ತಳ್ಳಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಪಾಪ್‌ಕೌಂಟ್ ಎಂಬ ಒಂದು ಸೂಚನೆ ಇಲ್ಲದ ತೀರಾ ಹಳೆಯ ಪ್ರೊಸೆಸರುಗಳಲ್ಲಿ ಅದು ಬೂಟ್ ಆಗಲೇ ಇಲ್ಲ. ಅದುವರೆಗೆ ಉಪಾಯದಿಂದ ಓಡಿಸುತ್ತಿದ್ದವರು ಅಲ್ಲಿಗೇ ನಿಂತರು. ನನ್ನ ಪ್ರೊಸೆಸರಿನಲ್ಲಿ ಆ ಸೂಚನೆ ಇದೆ. ಮುಂದಿನ ಸಲದ ಗೆರೆ ಎಲ್ಲಿ ಬೀಳುತ್ತದೋ ಎಂದು ಕಾಯುವ ಕೆಲಸ ಮಾತ್ರ ನನಗೆ ಬೇಡವಾಗಿತ್ತು.

ಉಳಿದದ್ದು ಎರಡು ದಾರಿ, ಎರಡನ್ನೂ ಹಿಡಿದೆ. ಮನೆಯ ಲೆಕ್ಕ ಬರೆಯುವ ಒಂದು ತಂತ್ರಾಂಶ ವಿಂಡೋಸಿನಲ್ಲಷ್ಟೇ ಓಡುತ್ತದೆ, ಹಾಗಾಗಿ ವಿಂಡೋಸ್ 10ನ್ನು ಉಳಿಸಿಕೊಂಡು ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿಸಿದೆ. 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಇದ್ದರೆ, ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿಕೊಂಡು ದುಡ್ಡಿಲ್ಲದೆಯೂ ಸೇರಬಹುದು. ಪಕ್ಕದಲ್ಲಿ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. ಅದು ಇನ್ನೊಂದು ಲಿನಕ್ಸ್ ಆದ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಬೆಂಬಲವಿದೆ.

ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ ನೋಡಿದ್ದೆ. ಲಿನಕ್ಸಿನ ದೊಡ್ಡ ಸೌಕರ್ಯ ಇದು: ಡಿಸ್ಕಿನ ಒಂದು ಅಕ್ಷರವನ್ನೂ ಮುಟ್ಟದೆ ಇಡೀ ಯಂತ್ರವನ್ನು ಪರೀಕ್ಷಿಸಬಹುದು. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳು ಕೇಳುತ್ತವೆಯೇ ಎಂದು ನೋಡಿದೆ. ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂದು ಪರೀಕ್ಷಿಸಿದೆ, ಏಕೆಂದರೆ ಹಳೆಯ ಲ್ಯಾಪ್‌ಟಾಪುಗಳು ಎಡವುವುದು ಬಹುತೇಕ ಅಲ್ಲೇ. ಪೆನ್‌ಡ್ರೈವಿನಿಂದ ಎಲ್ಲ ನಿಧಾನ, ಅದನ್ನು ನೋಡಿ ವೇಗದ ಬಗ್ಗೆ ತೀರ್ಪು ಕೊಡಬಾರದು. ಕನ್ನಡ ಟೈಪಿಂಗಿಗೆ ಕಗಪ ವಿನ್ಯಾಸ ಅದರಲ್ಲೇ ಸಿಗುತ್ತದೆ, ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ಯೂನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ಬರೆದಿಟ್ಟಿದ್ದ ಹಳೆಯ ಕಡತಗಳನ್ನು ಮಾತ್ರ ವಿಂಡೋಸಿನಲ್ಲಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಂಡೆ. ಆ ಫಾಂಟು ಇಲ್ಲದ ಕಡೆ ಅವು ತೆರೆದರೆ ಅಕ್ಷರಗಳ ಕಸ ಕಾಣುತ್ತದೆ.

ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವವರಿಗೆ ಎರಡು ಮಾತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಆ ಡ್ರೈವಿಗೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ. ಗಡಿಯಾರವೂ ಹಿಂದುಮುಂದಾಗುತ್ತದೆ, ಏಕೆಂದರೆ ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದಿದರೆ ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ತಿಳಿಯುತ್ತದೆ. ಲಿನಕ್ಸಿಗೆ ಸ್ಥಳೀಯ ಸಮಯ ಬಳಸು ಎಂದು ಒಮ್ಮೆ ಹೇಳಿದರೆ ಆಯಿತು.

ಸ್ಕ್ಯಾನರಿನ ಯಂತ್ರಕ್ಕೆ ಏನೂ ಹಾಕಲಿಲ್ಲ. ಅದರ ವಿಂಡೋಸ್ 7 ಮೂವತ್ತೆರಡು ಬಿಟ್‌ನದು, ಸ್ಕ್ಯಾನರನ್ನು ವಿಂಡೋಸಿನೊಂದಿಗೆ ಮಾತಾಡಿಸುವ ಡ್ರೈವರೂ ಮೂವತ್ತೆರಡು ಬಿಟ್‌ನದು, ತಯಾರಕರು ಹೊಸದನ್ನು ಕೊಡುವುದು ಎಂದೋ ನಿಲ್ಲಿಸಿದ್ದಾರೆ. ಅರವತ್ತನಾಲ್ಕು ಬಿಟ್ ವಿಂಡೋಸ್ ಹಳೆಯ ತಂತ್ರಾಂಶಗಳನ್ನೇನೋ ಓಡಿಸುತ್ತದೆ, ಆದರೆ ಮೂವತ್ತೆರಡು ಬಿಟ್‌ನ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಿಂಡೋಸ್ 11ಕ್ಕೆ ಮೂವತ್ತೆರಡು ಬಿಟ್ ರೂಪವೇ ಇಲ್ಲ. ಲಿನಕ್ಸಿನಲ್ಲಿ ಸೇನ್ ಎಂಬ ಸ್ಕ್ಯಾನರ್ ವ್ಯವಸ್ಥೆ ಬಹಳಷ್ಟು ಹಳೆಯ ಮಾದರಿಗಳನ್ನು ಇನ್ನೂ ಸಾಕಿಕೊಂಡಿದೆ. ಅದರ ಪಟ್ಟಿಯಲ್ಲಿ ಹುಡುಕಿದೆ, ನಮ್ಮದು ಬೆಂಬಲವಿಲ್ಲದವುಗಳ ಸಾಲಿನಲ್ಲಿತ್ತು. ಫಿಲಂ ನೆಗೆಟಿವ್‌ಗಳನ್ನು ಅದರಷ್ಟು ಚೆನ್ನಾಗಿ ತೆಗೆಯುವ ಯಂತ್ರ ಮನೆಯಲ್ಲಿ ಬೇರೆ ಇಲ್ಲ. ಹಾಗಾಗಿ ನೆಟ್‌ವರ್ಕ್ ಕೇಬಲ್ ಕಿತ್ತೆ, ಬಯೋಸ್‌ನಲ್ಲೇ ನೆಟ್‌ವರ್ಕ್ ಕಾರ್ಡನ್ನು ಆಫ್ ಮಾಡಿದೆ, ಪೆನ್‌ಡ್ರೈವ್ ಸಿಕ್ಕಿಸಿದೊಡನೆ ತಾನಾಗಿ ತೆರೆಯುವ ಆಟೋಪ್ಲೇ ತೆಗೆದೆ. ಚಿತ್ರಗಳು ಒಂದು ಮೀಸಲು ಪೆನ್‌ಡ್ರೈವಿನಲ್ಲಿ ಹೊರಬರುತ್ತವೆ, ಬೇರೆ ಯಂತ್ರದಲ್ಲಿ ವೈರಸ್ ತಪಾಸಣೆಯಾದ ಮೇಲೆ ಮುಂದಕ್ಕೆ. ಆ ಡಿಸ್ಕಿನ ಪೂರ್ತಿ ಇಮೇಜನ್ನು ಎರಡು ಕಡೆ ಇಟ್ಟಿದ್ದೇನೆ. ಡಿಸ್ಕು ಸತ್ತರೆ ಮತ್ತೆ ಮೊದಲಿಂದ ಹಾಕಿಕೊಳ್ಳಲು ಡ್ರೈವರ್ ಎಲ್ಲಿಯೂ ಸಿಗಲಾರದು.

ಇಎಸ್‌ಯುಗೆ ನಾನು ಸೇರಿದಾಗ ಹೇಳಿದ್ದ ಕೊನೆಯ ದಿನ 2026ರ ಅಕ್ಟೋಬರ್ 13. ಅದರ ನಂತರ ಲ್ಯಾಪ್‌ಟಾಪಿನ ವಿಂಡೋಸ್ 10ನ್ನು ಮಿಂಟಿನೊಳಗೆ, ಕಂಪ್ಯೂಟರಿನೊಳಗೊಂದು ಕಂಪ್ಯೂಟರನ್ನು ಓಡಿಸುವ ವರ್ಚುವಲ್‌ಬಾಕ್ಸಿಗೆ ಸೇರಿಸಿ, ಅದಕ್ಕೆ ನೆಟ್‌ವರ್ಕ್ ಕೊಡದೆ ಲೆಕ್ಕದ ತಂತ್ರಾಂಶವನ್ನಷ್ಟೇ ಓಡಿಸುವ ಯೋಚನೆ ಇದೆ. ಒಮ್ಮೆ ಮಾಡಿ ನೋಡಿದ್ದೇನೆ. 8 ಜಿಬಿಯಲ್ಲಿ 3 ಜಿಬಿ ಅದಕ್ಕೆ ಕೊಟ್ಟರೆ ಸಾಕಾಗುತ್ತದೆ, ಆದರೆ ಪಕ್ಕದಲ್ಲಿ ಬ್ರೌಸರಿನ ಟ್ಯಾಬುಗಳನ್ನು ಸ್ವಲ್ಪ ಮುಚ್ಚಬೇಕು.