ಶಾಲೆಯ ಲ್ಯಾಬಿಗೆ ಇಂಟರ್ನೆಟ್ ಫಿಲ್ಟರ್ ಹಾಕಿದ ಬಗೆ, ಫಿಲ್ಟರ್ ಮುಟ್ಟದ ಜಾಗಕ್ಕೆ ಪಾಠ ಮಾಡಿದ ಬಗೆ

ಪ್ರೌಢಶಾಲೆಯ ಲ್ಯಾಬಿಗೆ ದುಬಾರಿ ಫೈರ್‌ವಾಲ್ ಬೇಕಿಲ್ಲ. ನಾವು ಮೊದಲು ಕೈಹಾಕುವುದು ರೂಟರಿನ ಡಿಎನ್‌ಎಸ್‌ಗೆ, ಅಂದರೆ ತಾಣದ ಹೆಸರು ಕೊಟ್ಟರೆ ಅದರ ವಿಳಾಸ-ಸಂಖ್ಯೆ ಹುಡುಕಿಕೊಡುವ ಸೇವೆಗೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ) ಪುಟದಲ್ಲಿರುವ ಡಿಎನ್‌ಎಸ್ ಅಳಿಸಿ 1.1.1.3 ಮತ್ತು 1.0.0.3 ಹಾಕುತ್ತೇವೆ. ಇದು ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ. ಅಶ್ಲೀಲ ತಾಣಗಳನ್ನೂ ವೈರಸ್ ಹರಡುವ ತಾಣಗಳನ್ನೂ ತಡೆಯುತ್ತದೆ. ಕೊನೆಯ ಅಂಕಿಯ ಮೇಲೆ ಕಣ್ಣಿರಲಿ: 1.1.1.1 ಇಂಥ ಯಾವುದನ್ನೂ ತಡೆಯುವುದಿಲ್ಲ, 1.1.1.2 ವೈರಸ್ ತಾಣಗಳನ್ನಷ್ಟೇ ತಡೆಯುತ್ತದೆ. ಎರಡನೇ ಖಾನೆಯಲ್ಲಿ ಗೂಗಲ್‌ನ ಫಿಲ್ಟರಿಲ್ಲದ ಡಿಎನ್‌ಎಸ್ 8.8.8.8 ಉಳಿದುಬಿಟ್ಟರೆ ಫಿಲ್ಟರ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಕಂಪ್ಯೂಟರ್ ಎರಡರಲ್ಲಿ ಯಾವುದನ್ನಾದರೂ ಕೇಳಬಹುದಲ್ಲ.

ಫೈಬರ್ ಸಂಪರ್ಕದಲ್ಲಿ ಐಪಿವಿ6 ಎಂಬ ಹೊಸ ಬಗೆಯ ಇಂಟರ್ನೆಟ್ ವಿಳಾಸ ಕೂಡ ಬರುವುದುಂಟು. ಅದರ ಡಿಎನ್‌ಎಸ್ ಬೇರೆ ಪುಟದಲ್ಲಿರುತ್ತದೆ, ಹೆಚ್ಚಿನವರು ಆ ಪುಟ ತೆರೆಯುವುದೇ ಇಲ್ಲ. ಅಲ್ಲಿ 2606:4700:4700::1113 ಮತ್ತು 2606:4700:4700::1003 ಹಾಕಿ. ರೂಟರ್ ಬದಲಿಸಲು ಬಿಡದಿದ್ದರೆ ಲ್ಯಾಬಿನ ಮಟ್ಟಿಗೆ ಐಪಿವಿ6 ಆಫ್ ಮಾಡಿ.

ಡಿಎನ್‌ಎಸ್ ನೋಡುವುದು ತಾಣದ ಹೆಸರನ್ನು ಮಾತ್ರ. ಗೂಗಲ್ ಹುಡುಕಾಟದಲ್ಲಿ ಬರುವ ಚಿತ್ರ ಅದಕ್ಕೆ ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ಕಂಪ್ಯೂಟರಿನಲ್ಲಿ ಕ್ರೋಮ್‌ನ ಪಾಲಿಸಿ ಫೈಲು (ಬ್ರೌಸರಿಗೆ ಹಾಕುವ ಕಟ್ಟುಪಾಡುಗಳ ಪಟ್ಟಿ) ಇಡುತ್ತೇವೆ. ಅಶ್ಲೀಲ ಫಲಿತಾಂಶ ಮರೆಮಾಡುವ ಸೇಫ್‌ಸರ್ಚ್ ಕಡ್ಡಾಯ, ಇನ್‌ಕಾಗ್ನಿಟೋ ಬಂದ್, ಹೊಸ ಎಕ್ಸ್‌ಟೆನ್ಷನ್ ಬಂದ್, ಸೆಕ್ಯೂರ್ ಡಿಎನ್‌ಎಸ್ ಬಂದ್. ಬ್ರೌಸರ್ ರೂಟರನ್ನು ಬಿಟ್ಟು ಬೇರೆ ಡಿಎನ್‌ಎಸ್ ಅನ್ನು ಗುಟ್ಟಾಗಿ ಕೇಳುವಂತೆ ಮಾಡಬಲ್ಲ ಈ ಕೊನೆಯದನ್ನು ಹಾಗೇ ಬಿಟ್ಟರೆ ರೂಟರಿನಲ್ಲಿ ಮಾಡಿದ್ದೆಲ್ಲ ವ್ಯರ್ಥವಾಗಬಹುದು. ಸೆಕ್ಯೂರ್ ಡಿಎನ್‌ಎಸ್ ಮಾಮೂಲಿ ವೆಬ್ ಸಂಚಾರದ 443ನೇ ಪೋರ್ಟಿನಲ್ಲೇ (ಸಂಚಾರದ ಬಾಗಿಲು) ಹೋಗುವುದರಿಂದ ರೂಟರಿನಲ್ಲಿ ಪೋರ್ಟ್ ಮುಚ್ಚಿ ತಡೆಯಲಾಗದು. ಹೊರಗಿನ ಬೇರೆ ಡಿಎನ್‌ಎಸ್‌ಗಳಿಗೆ ಹೋಗುವ 53 ಮತ್ತು 853ನೇ ಪೋರ್ಟುಗಳನ್ನು ಮಾತ್ರ ಅಲ್ಲಿ ಮುಚ್ಚಬಹುದು. ಫೈರ್‌ಫಾಕ್ಸ್ ಇದ್ದರೆ ಅದಕ್ಕೂ ಪ್ರತ್ಯೇಕ ಪಾಲಿಸಿ ಬೇಕು. ಮಕ್ಕಳ ಲಾಗಿನ್‌ಗೆ ಅಡ್ಮಿನ್ ಅಧಿಕಾರ ಇರಬಾರದು. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಹಾಕಿ ಪೆನ್‌ಡ್ರೈವ್‌ನಿಂದ ಬೂಟ್ ಆಗುವುದನ್ನು ನಿಲ್ಲಿಸಿ.

ಯೂಟ್ಯೂಬ್ ನಿರ್ಬಂಧದಲ್ಲಿ ಎರಡು ಹಂತಗಳಿವೆ. ನಾವು ಮಾಡರೇಟ್ ಇಡುತ್ತೇವೆ. ಸ್ಟ್ರಿಕ್ಟ್‌ನಲ್ಲಿ ಪಾಠಕ್ಕೆ ಬೇಕಾದ ವಿಡಿಯೊಗಳೂ ಸಿಗದೆ ಹೋಗುತ್ತವೆ. ಪದಗಳ ಪಟ್ಟಿ ಕೊಟ್ಟು ಪುಟ ತಡೆಯುವ ಉಪಾಯವನ್ನಂತೂ ಕೈಬಿಡಿ. 10ನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವೇ ಇದೆ; ಮುಟ್ಟಿನ ಬಗ್ಗೆ ಓದಲು ಹೊರಟ ಹುಡುಗಿಗೆ ಗೋಡೆ ಅಡ್ಡ ಬರುತ್ತದೆ. ಕೆಟ್ಟದ್ದನ್ನೇ ಹುಡುಕುವವನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ದಾಟಿಬಿಡುತ್ತಾನೆ.

ಇಷ್ಟೆಲ್ಲ ಮಾಡಿದರೂ ಮಗುವಿನ ಕೈಯಲ್ಲಿರುವ ಮೊಬೈಲ್ ಡೇಟಾ ನಮ್ಮ ರೂಟರ್ ಮೂಲಕ ಹಾಯುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಏನು ಬಂತು ಎಂದು ಯಾವ ಡಿಎನ್‌ಎಸ್‌ಗೂ ಗೊತ್ತಾಗದು. ಆದ್ದರಿಂದ ತರಗತಿಯ ಹೆಚ್ಚಿನ ಸಮಯವನ್ನು ನಾವು ಕೊಡುವುದು ಒಂದೇ ವಿಷಯಕ್ಕೆ: ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಏನು ಮಾಡಬೇಕು? ದುಡ್ಡು ಕಳಿಸಬೇಡಿ, ಇನ್ನೊಂದು ಫೋಟೊವನ್ನೂ ಕಳಿಸಬೇಡಿ. ಕೊಟ್ಟಷ್ಟೂ ಬೇಡಿಕೆ ಏರುತ್ತದೆ. ಹೆದರಿ ಚಾಟ್ ಅಳಿಸಬೇಡಿ. ಪ್ರೊಫೈಲ್, ಫೋನ್ ನಂಬರ್, ಯುಪಿಐ ಐಡಿ, ಬೆದರಿಕೆಯ ಮಾತು ಇವುಗಳ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬ್ಲಾಕ್ ಮಾಡಿ. ಅಂದೇ ಒಬ್ಬ ದೊಡ್ಡವರಿಗೆ ಹೇಳಿ. 18 ವರ್ಷದೊಳಗಿನವರಿಗೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಿದೆ. ಅದು ಚಿತ್ರದ ಗುರುತು-ಸಂಖ್ಯೆಯನ್ನು ಫೋನಿನಲ್ಲೇ ತಯಾರಿಸಿ, ಜೊತೆಗೂಡಿರುವ ಜಾಲತಾಣಗಳಿಗೆ ಅದನ್ನಷ್ಟೇ ಕೊಡುತ್ತದೆ. ಚಿತ್ರ ಫೋನು ಬಿಟ್ಟು ಹೋಗುವುದಿಲ್ಲ. ಇದನ್ನು ವಿವರಿಸಿ ಹೇಳಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಈ ಪಾಠ ಶಿಕ್ಷಕರಿಗೆ ಇನ್ನೂ ಹೆಚ್ಚು ಬೇಕು. ಮಗು ಬಂದು ಹೇಳಿದಾಗ "ಅಂಥ ಫೋಟೊ ಯಾಕೆ ಕಳಿಸಿದೆ?" ಎಂಬ ಪ್ರಶ್ನೆ ಮೊದಲು ಬಂದರೆ ಮಾತು ಅಲ್ಲಿಗೇ ನಿಂತಿತು. ಫೋನು ಕಿತ್ತುಕೊಳ್ಳುತ್ತಾರೆ, ಶಾಲೆ ಬಿಡಿಸುತ್ತಾರೆ ಎಂಬ ಭಯಕ್ಕೇ ಎಷ್ಟೋ ಹುಡುಗಿಯರು ಬಾಯಿ ಬಿಡುವುದಿಲ್ಲ. ಸಾಕ್ಷಿಗೆಂದು ಆ ಚಿತ್ರವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಸಿಬ್ಬಂದಿ ಗ್ರೂಪಿಗೆ ಹಾಕಲೇಬೇಡಿ. ಮಕ್ಕಳ ಲೈಂಗಿಕ ಚಿತ್ರ ಇಟ್ಟುಕೊಳ್ಳುವುದು, ಹಂಚುವುದು ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ) ಕಾಯ್ದೆಯ 15ನೇ ಕಲಂ, ಐಟಿ ಕಾಯ್ದೆಯ 67ಬಿ ಕಲಂಗಳಡಿ ಅಪರಾಧದ ಸಾಲಿಗೆ ಬರುತ್ತದೆ. "ಶಾಲೆಯ ಮರ್ಯಾದೆ" ಎಂದು ಒಳಗೊಳಗೇ ಮುಗಿಸುವಂತೆಯೂ ಇಲ್ಲ. ಪೋಕ್ಸೊ ಅಡಿಯ ಅಪರಾಧ ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು 19ನೇ ಕಲಂ ಪ್ರಕಾರ ಕಡ್ಡಾಯ, ತಿಳಿಸದಿದ್ದರೆ 21ನೇ ಕಲಂನಲ್ಲಿ ಶಿಕ್ಷೆಯಿದೆ. ಮಗುವಿನ ನೆರವಿಗೆ ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930; ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಆಗ ಹೆಚ್ಚು.

ಪೋಷಕರ ಸಭೆಯಲ್ಲಿ ಆ್ಯಪ್‌ಗಳ ಹೆಸರು ಹೇಳಿ ಗಾಬರಿ ಹುಟ್ಟಿಸುವುದಿಲ್ಲ. ಮನೆಯಲ್ಲಿರುವುದು ಹೆಚ್ಚಾಗಿ ಅಪ್ಪನ ಒಂದೇ ಫೋನು. ಅದರಲ್ಲಿ ಪ್ಲೇಸ್ಟೋರ್ ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಮಾಡುವುದು, ಯುಪಿಐ ಪಿನ್ ಮಕ್ಕಳಿಗೆ ಹೇಳದಿರುವುದು, ಇವೆರಡನ್ನು ಅಲ್ಲೇ ಕೂತು ಮಾಡಿಸುತ್ತೇವೆ.

ಪ್ರತಿ ತರಗತಿಯ ಗೋಡೆಯ ಮೇಲೂ 1098, 1930 ಈ ಎರಡು ನಂಬರುಗಳ ಕೆಳಗೆ, ಮಕ್ಕಳು ನೇರವಾಗಿ ಹೋಗಿ ಮಾತಾಡಬಹುದಾದ ಒಬ್ಬ ಶಿಕ್ಷಕಿಯ ಹೆಸರು ಬರೆಯಿರಿ. ಅವರಿಗೆ ವರ್ಗಾವಣೆಯಾದರೆ ಅಂದೇ ಇನ್ನೊಬ್ಬರ ಹೆಸರು ಅಲ್ಲಿ ಬರಬೇಕು.