ಟೊಮ್ಯಾಟೊ ಸಸಿ ಬಳುಕ್ತಾ ಇದ್ರೆ ದಿನಾ ಕೈಯಾಡಿಸಿ
ಟ್ರೇಲಿರೋ ಟೊಮ್ಯಾಟೊ, ಬದನೆ ಸಸಿ ದಾರದ ಥರ ಉದ್ದಕ್ಕೆ ಹೋಗ್ತಿದ್ರೆ ಎರಡು ನಿಜ ಎಲೆ (ಮೊದ್ಲು ಬರೋ ಬೀಜದೆಲೆ ಆದ್ಮೇಲೆ ಬರೋ ಎಲೆ) ಬಂದ್ಮೇಲೆ ದಿನಕ್ಕೊಂದ್ಸಲ ತುದಿ ಮೇಲೆ ಅಂಗೈನ ಹತ್ತಿಪ್ಪತ್ತು ಸಲ ಹಗೂರಕ್ಕೆ ಆಡಿಸಿ, ಬೆಕ್ಕಿನ ಬೆನ್ನು ಸವರಿದ ಹಾಗೆ, ಸಸಿ ಸ್ವಲ್ಪ ಬಾಗಿ ಎದ್ದರೆ ಸಾಕು. ಗಿಡ ಅದನ್ನ ಗಾಳಿ ಅಂತ ತಿಳ್ಕೊಂಡು ಎಥಿಲೀನ್ ಅನ್ನೋ ಹಾರ್ಮೋನ್ ಜಾಸ್ತಿ ಮಾಡುತ್ತೆ, ಉದ್ದ ಎಳೆಯೋ ಜಿಬ್ಬರೆಲಿನ್ ಹಾರ್ಮೋನ್ ಕೆಲಸ ತಗ್ಗುತ್ತೆ, ಹಂಗಾಗಿ ಕಾಂಡ ಗಿಡ್ಡಕ್ಕೆ ದಪ್ಪಗೆ ಬರುತ್ತೆ. ಎಲೆ ಒದ್ದೆ ಇದ್ದಾಗ ಮಾತ್ರ ಮುಟ್ಟಲೇಬೇಡಿ, ಒಂದು ಸಸಿ ರೋಗ ಇಡೀ ಟ್ರೇಗೆ ಹಚ್ದಂಗೆ. ಮೆಣಸಿನಕಾಯಿ ಸಸಿಗೆ ಇದು ಅಷ್ಟಾಗಿ ಆಗ್ಬರಲ್ಲ, ಎಲೆ ಹರಿಯುತ್ತೆ. ಬಿಸಿಲೇ ಬೀಳದ ಮೂಲೇಲಿ ಟ್ರೇ ಇಟ್ಟಿದ್ರೆ ಎಷ್ಟು ಸವರಿದ್ರೂ ವೇಸ್ಟು, ಮೊದ್ಲು ಜಾಗ ಬದಲಾಯಿಸಿ. ಈಗಾಗ್ಲೇ ಉದ್ದ ಆಗಿರೋದು ಗಿಡ್ಡ ಆಗಲ್ಲ, ಟೊಮ್ಯಾಟೊ ಆದ್ರೆ ನೆಡೋವಾಗ ಕಾಂಡ ಆಳಕ್ಕೆ ಹೂತುಬಿಡಿ, ಅಲ್ಲೂ ಬೇರು ಬಿಡುತ್ತೆ.